ಪುರಂದರರಾಯರಿಗೆ ಕೈ ತೊಳೆಯಲು ಕಲಿಸಿದ್ದು

ಸೇಲಂನ ಪುರಂದರರಾಯರಷ್ಟು ಕೈ ತೊಳೆಯುವ ಮನುಷ್ಯ ಕಾವೇರಿಯ ಈಚೆಗೂ ಇಲ್ಲ, ಆಚೆಗೂ ಇಲ್ಲ. ಪೇಪರ್ ಮುಟ್ಟಿದರೆ ತೊಳೆಯಬೇಕು, ಚಪ್ಪಲಿ ನೋಡಿದರೆ ತೊಳೆಯಬೇಕು. ಕೊನೆಗೆ ನಲ್ಲಿಯನ್ನೂ ತೊಳೆದು, ನಲ್ಲಿ ಮುಟ್ಟಿದ್ದಕ್ಕೆ ಮತ್ತೊಮ್ಮೆ ಕೈ ತೊಳೆಯಬೇಕು. ಬ್ಯಾಂಕ್ ಮ್ಯಾನೇಜರ್ ಕೆಲಸದಿಂದ ನಿವೃತ್ತರಾದ ಮೇಲೆ ಇಂಥವರು ಸುಮ್ಮನಿರಲಾದೀತೇ? ಬಡವರು ಬಡವರಾಗಿರುವುದು ಕೊಳೆಯಿಂದಲೇ ಎಂದು ಕೂತಲ್ಲೇ ಕಂಡುಹಿಡಿದು, ಒಂದು ಪೆಟ್ಟಿಗೆ ಸೋಪು ಕೊಂಡು, ಮೆಟ್ಟೂರಿನ ಪಕ್ಕದ ಪಾಲಮಲೆಯ ಕನ್ನಡ ಜನಕ್ಕೆ ಕೈ ತೊಳೆಯುವುದನ್ನು ಕಲಿಸಲು ಹೊರಟರು. "ಅವ್ರನ್ನ ಕೇಳಿದ್ರಾ, ಏನು ಬೇಕೂಂತ?" ಎಂದರು ಹೆಂಡತಿ ಶಾಂತಾಬಾಯಿ. ಹೆಂಡತಿಯ ಮಾತಿಗೆ ಉತ್ತರ ಕೊಡುವ ಅಭ್ಯಾಸ ರಾಯರಿಗಿರಲಿಲ್ಲ.

ತಾನೊಂದು ಬಗೆದರೆ ದೈವವೊಂದು ಬಗೆಯುತ್ತದೆ. ಮಲೆ ಹತ್ತುವ ಜೀಪಿನಲ್ಲಿ ಜಾಗ ಸಾಲದೆ ಯಾರೋ ಒಂದು ಕುರಿಮರಿಯನ್ನು ರಾಯರ ಮಡಿಲಿಗೆ ದಾಟಿಸಿದರು. ದಾರಿಯುದ್ದಕ್ಕೂ ಸಂಭಾವಿತನ ಹಾಗೆ ಕೂತಿದ್ದ ಮರಿ, ಊರು ಇನ್ನೇನು ಬಂತು ಅನ್ನುವಾಗ ಅವರ ಜರಿಪಂಚೆಯನ್ನೂ ಅಂಗಿಯನ್ನೂ ಸಾವಕಾಶವಾಗಿ ನೆನೆಸಿತು.

ಜೀಪು ನಿಂತದ್ದೇ ತಡ, ರಾಯರು ಎದುರಿಗೆ ಕಂಡ ಮನೆಯ ಹಿತ್ತಲಿಗೆ ಓಡಿದರು. ಅದು ಕುರಿ ಸಾಕಿ, ರಾಗಿ ಬೆಳೆದು ಬದುಕುವ ದೊಡ್ಡಕ್ಕನ ಮನೆ. ಒಳಗೆ ಮಗಳು ಚಂದ್ರಿಕಾ ಹಸಿ ಬಾಣಂತಿ. ಅವಳಿಗೂ ಕೂಸಿಗೂ ಎರೆಯಲೆಂದು ದೊಡ್ಡಕ್ಕ ಬೆಳಗಿನಿಂದ ಹೊತ್ತು ತಂದ ನೀರು ಹಿತ್ತಲಲ್ಲಿ ಕೊಡ ಕೊಡವಾಗಿ ತುಂಬಿ ನಿಂತಿತ್ತು. ರಾಯರು "ಅಮ್ಮಾ, ಕೊಂಚ ನೀರು!" ಎಂದು ಕೂಗಿ, ಉತ್ತರಕ್ಕೂ ಕಾಯದೆ ಸುರಿದುಕೊಂಡರು. ಕಾಲು ತೊಳೆದರು, ಕಾಲಿಗೆ ತಾಗಿದ ಕೈ ತೊಳೆದರು, ಕೈ ತಾಗಿದ ಕೊಡ ತೊಳೆದರು. ಕುರಿಹಟ್ಟಿಯಿಂದ ದೊಡ್ಡಕ್ಕ ಬರುವ ಹೊತ್ತಿಗೆ ಕೊಡಗಳೆಲ್ಲ ಫಳಫಳ ಹೊಳೆಯುತ್ತಿದ್ದವು, ಖಾಲಿಯಾಗಿ. ಅವಳ ಬಾಯಿಗೆ ಬಂದದ್ದು ಬಹಳ. ಆದರೂ ಮನೆಗೆ ಬಂದ ವಯಸ್ಸಾದ ಮನುಷ್ಯ ಎಂದು ನುಂಗಿಕೊಂಡು, ಗಂಡನ ಹಳೇ ಲುಂಗಿಯೊಂದನ್ನು ಕೊಟ್ಟಳು.

ರಾಯರು ಬರಿಮೈಯಲ್ಲಿ ಲುಂಗಿ ಸುತ್ತಿ ಬೀದಿಗೆ ಬಂದರೆ ಅಲ್ಲೊಂದು ದೊಡ್ಡ ಜೀಪು. ಯಾವುದೋ ದೂರದೇಶದ ಧರ್ಮಸಂಸ್ಥೆಯ ಬಿಳಿ ಹುಡುಗಿ, ಅವಳ ಮಾತು ತಿಳಿಸಿಹೇಳಲು ಸರವಣನ್ ಎಂಬ ಸೇಲಂ ಹುಡುಗ, ಜೊತೆಗೊಂದು ಪೆಟ್ಟಿಗೆ ಸೋಪು. ಹುಡುಗಿ ಊರವರನ್ನೆಲ್ಲ ಸಾಲಾಗಿ ನಿಲ್ಲಿಸುತ್ತಿದ್ದಳು. ರಾಯರ ತೋಳು ಹಿಡಿದು ಅವರನ್ನೂ ಮುಂದಿನ ಸಾಲಿಗೇ ಎಳೆದಳು.

"ಕೈ ಉಜ್ಜುಂಗೊ ತಾತಾ," ಎಂದ ಸರವಣನ್. "ಅಂಗೈ, ಮುಂಗೈ, ಬೆರಳ್ ಸಂದಿ. ಹಾಡ್ಕೊಂಡು, ಕುಣ್ಕೊಂಡು!"

ಹಿಂಬದಿಯನ್ನು ಕಾಗದದಲ್ಲಿ ಒರೆಸಿಕೊಳ್ಳುವ ದೇಶದವಳು ನನಗೆ ಕೈ ತೊಳೆಯಲು ಕಲಿಸುವುದೇ! ರಾಯರು ಉರಿದುಹೋದರು. ಎದೆ ಸೆಟೆಸಿ ಇಂಗ್ಲಿಷಿನಲ್ಲೇ ಹೇಳಿದರು, "ಮೇಡಂ, ಐ ಆಮ್ ಎ ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್!"

ಹುಡುಗಿಯ ಕಣ್ಣು ತುಂಬಿ ಬಂತು. ಬ್ಯಾಂಕ್ ಮ್ಯಾನೇಜರಿಗೇ ಅಂಗಿಯಿಲ್ಲದ ದೇಶ! ಅವಳು ರಾಯರ ಕೈಗೆ ಇನ್ನೊಂದು ಸೋಪು ಇಟ್ಟು, ಬೆನ್ನು ಸವರಿ, ನಗಿರಿ ಎಂದು ಸನ್ನೆ ಮಾಡಿ ಫೋಟೋ ತೆಗೆದಳು. ರಾಯರಿಗೆ ನಿಜಕ್ಕೂ ಅವಮಾನವಾಯಿತು. ಅಷ್ಟರಲ್ಲಿ ಕಣ್ಣು, ಜೀಪಿನವರು ಬೀದಿಬದಿಗೆ ಇಳಿಸಿಹೋಗಿದ್ದ ತಮ್ಮದೇ ಸೋಪಿನ ಪೆಟ್ಟಿಗೆಯ ಮೇಲೆ ಬಿತ್ತು. ಇದೇ ಸೋಪು, ಇದೇ ಪಾಠ, ಇದೇ ನಗು, ಇದೇ ಫೋಟೋ. ತಾವು ಬಂದದ್ದೂ ಇದಕ್ಕೇ ಅಲ್ಲವೇ?

"ಈಗ ನೀರ್ ಹಾಕಿ ತೊಳೀಬೇಕು. ತಣ್ಣಿ ಕೊಂಡಾಂಗಮ್ಮಾ!" ಎಂದು ಸರವಣನ್ ಕೂಗಿದ.

ದೊಡ್ಡಕ್ಕನ ಕಟ್ಟೆ ಒಡೆಯಿತು. "ಎಲ್ಲಿಂದ ತರ್ಲಲಾ ತಣ್ಣೀನಾ? ಬಾಣಂತಿಗೆ ಎರ್‍ಯಾಕೆ ಅಂತ ಒತ್ತಾರೆಯಿಂದ ಒತ್ಕೊಂಡ್ ಬಂದಿದ್ ನೀರು ಪೂರಾ ಈ ಸಾಮಿ ಕಾಲ್ಗೆ ಸುರ್ಕಂಡವ್ರೆ! ಕೂಸು ಅಂಗೇ ಎಣ್ಣೆ ಮೈಲಿ ಅಳ್ತಾ ಐತೆ. ಓದ್ ಸಲಾನೂ ಸೋಪು, ಈ ಸಲಾನೂ ಸೋಪು. ಕುರಿಗಿಟ್ರೂ ಮೂಸಾಕಿಲ್ಲ!"

ಊರೆಲ್ಲ ರಾಯರನ್ನು ನೋಡಿತು. ಮಾಡಿದ್ದುಣ್ಣೋ ಮಹಾರಾಯ. ರಾಯರು ಒಂದು ಕೊಡ ಎತ್ತಿಕೊಂಡು ದೊಡ್ಡಕ್ಕನ ಹಿಂದೆ ಕಣಿವೆ ಇಳಿದರು.

ಒರತೆ ಬಂಡೆಯ ಸಂದಿಯಲ್ಲಿತ್ತು. ತೆಂಗಿನ ಚಿಪ್ಪಿನಲ್ಲಿ ಮೊಗೆಯಬೇಕು, ಊರುವ ತನಕ ಕಾಯಬೇಕು, ಮತ್ತೆ ಮೊಗೆಯಬೇಕು. ಕೆಳಗೆ, ಕಣ್ಣು ಹಾಯುವಷ್ಟು ದೂರ, ಮೆಟ್ಟೂರು ಡ್ಯಾಮಿನ ನೀರು ಬಿಸಿಲಿಗೆ ಮಿರಮಿರ ಮಿನುಗುತ್ತಿತ್ತು. ಅದೇ ನೀರು ಪೈಪಿನಲ್ಲಿ ಸೇಲಂಗೆ ಹೋಗಿ ತಮ್ಮ ಮನೆಯ ನಲ್ಲಿಯಲ್ಲಿ ಸುರಿಯುತ್ತದೆ.

"ಡ್ಯಾಮು ಕಾಲ್ ಕೆಳ್ಗೇ ಇದ್ಯಲ್ಲಮ್ಮಾ," ಎಂದರು ರಾಯರು.

"ಐತೆ ಸಾಮಿ. ಚೆಂದಾಗೈತೆ ನೋಡಾಕೆ," ಎಂದಳು ದೊಡ್ಡಕ್ಕ.

ರಾಯರು ತಮ್ಮ ಅಂಗೈ ನೋಡಿಕೊಂಡರು. ತೊಳೆದ ಕೈಯನ್ನೇ ತಾವು ಎಷ್ಟು ಸಲ ತೊಳೆದಿಲ್ಲ!

ಮೇಲೆ ಹತ್ತುವಾಗ ಎರಡು ಸಲ ಜಾರಿ, ಮೊಣಕೈವರೆಗೆ ಕೆಸರಾಗಿ, ಅರ್ಧ ಕೊಡವನ್ನು ಮೈಮೇಲೆ ಚೆಲ್ಲಿಕೊಂಡು ಅಂತೂ ಬಂದು ಮುಟ್ಟಿದರು. ಅವರ ಕೈ ನೋಡಿ ಹುಡುಗಿಗೆ ಆನಂದವೋ ಆನಂದ. ಇಂಥ ಕೊಳಕು ಕೈ ಇಡೀ ಮಲೆಯಲ್ಲೇ ಸಿಕ್ಕಿರಲಿಲ್ಲ! ಅವಳು ಒಂದು ಕೈಯಲ್ಲಿ ಕ್ಯಾಮೆರಾ, ಇನ್ನೊಂದರಲ್ಲಿ ಮಗ್ಗು ಹಿಡಿದು ಕೊಡದ ನೀರು ಮೊಗೆಯಲು ಬಂದಳು.

ರಾಯರು ಕೊಡವನ್ನು ತಬ್ಬಿಕೊಂಡರು. "ಮುಟ್ಬೇಡಮ್ಮಾ! ಇದು ಬಾಣಂತಿ ನೀರು. ನನ್ನ ಕೈ ಹೀಗೇ ಇರ್ಲಿ, ತೊಳ್ಯಲ್ಲ!"

"ತಾತ ಕೈ ತೊಳ್ಯಲ್ವಂತೆ," ಎಂದು ಸರವಣನ್ ಇಂಗ್ಲಿಷಿನಲ್ಲಿ ತಿಳಿಸಿದ. ಇಂಥವರನ್ನು ತಿದ್ದುವುದು ಬಲು ಕಷ್ಟ ಎಂದು ಹುಡುಗಿ ನಿಟ್ಟುಸಿರಿಟ್ಟಳು.

ರಾಯರು ನೀರನ್ನು ಹಂಡೆಗೆ ಸುರಿದರು. ದೊಡ್ಡಕ್ಕ ಬಗ್ಗಿ ನೋಡಿ, "ತಳ ನೆಂದೈತೆ, ಅಷ್ಟೇಯ. ಇನ್ನೂ ಬೇಕಣ್ಣಾ," ಎಂದಳು. ಒಳಗೆ ಕೂಸಿನ ಅಳು ನಿಂತಿರಲಿಲ್ಲ.

ರಾಯರು ಕೆಸರುಗೈಯನ್ನು ಲುಂಗಿಗೆ ಒರೆಸಿಕೊಂಡರು. ಒಂದು ಖಾಲಿ ಕೊಡವನ್ನು ಹುಡುಗಿಯ ಕೈಗಿತ್ತು, ಇನ್ನೊಂದನ್ನು ತಾವು ಹೆಗಲಿಗೇರಿಸಿ, "ಕಮ್, ಮೇಡಂ. ಕ್ಯಾಮೆರಾ ಇಲ್ಲೇ ಇಡಿ," ಎಂದು ಕಣಿವೆಯ ಕಡೆ ತಿರುಗಿದರು.