ಐದನೇ ಮರದ ಸೊನ್ನೆ

ಶಾಲೆಯ ಸೀಬೆ ತೋಟದಲ್ಲಿ ನನ್ನ ತರಗತಿಯ ಮಕ್ಕಳಿಗೆ ಒಬ್ಬೊಬ್ಬರಿಗೆ ಒಂದೊಂದು ಮರ ಹಂಚಿದ್ದೆ. ಪ್ರತಿ ಮರಕ್ಕೂ ಹಣ್ಣಿನ ನೊಣ ಹಿಡಿಯುವ ಒಂದು ಬಾಟಲಿ ಕಟ್ಟಿತ್ತು. ಸೋಮವಾರ ಬೆಳಿಗ್ಗೆ ಅದರೊಳಗೆ ಬಿದ್ದ ನೊಣಗಳನ್ನು ಎಣಿಸಿ ಬರೆಯುವುದು ಅವರ ಕೆಲಸ.

ಎಲ್ಲರದೂ ಹತ್ತು, ಹದಿನೈದು. ಐದನೇ ಮರದ ಹುಡುಗಿಯದು ಮಾತ್ರ ಮೂರು ವಾರವೂ ಸೊನ್ನೆ. ನನಗೆ ಪಿತ್ತ ನೆತ್ತಿಗೇರಿತು.

"ಪಕ್ಕದ ಮರಕ್ಕೆ ಬರೋ ನೊಣ ನಿನ್ನ ಮರ ಕಂಡ್ರೆ ಮುನಿಸಿಕೊಳ್ಳುತ್ತಾ? ಬಾಟಲಿ ಮುಟ್ಟಿಯೂ ನೋಡಿಲ್ಲ ನೀನು!"

ಅವಳು ನಾಲ್ಕನೇ ವಾರ ಹನ್ನೆರಡು ಎಂದು ಬರೆದು ತಂದಳು. "ನೋಡಿದ್ಯಾ, ಮನಸ್ಸು ಮಾಡಿದ್ರೆ ಆಗುತ್ತೆ" ಎಂದು ಬೆನ್ನು ತಟ್ಟಿದೆ.

ಐದನೇ ಸೋಮವಾರ ಮಕ್ಕಳಿಗಿಂತ ಮೊದಲೇ ತೋಟಕ್ಕೆ ಹೋದೆ. ಮಾಲಿ ತಾತ ಐದನೇ ಮರದ ಬಾಟಲಿಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯುತ್ತಿದ್ದರು.

"ಏನ್ ತಾತ ಇದು?"

"ಆ ಮಗು ಸತ್ತ ಹುಳ ಕಂಡ್ರೆ ಗಡಗಡ ನಡುಗುತ್ತೆ, ಟೀಚರಮ್ಮ. ಪಾಪ ಅನ್ನಿಸ್ತು. ಅದಕ್ಕೆ ಅವಳದೊಂದನ್ನ ಮೊದಲ ವಾರದಿಂದ ನಾನೇ ತೊಳೆದಿಡ್ತೀನಿ."

"ಹೋದ ವಾರ?"

"ಹೋದ ವಾರನೂ. ಒಂದು ಸಲನೂ ತಪ್ಪಿಸಿಲ್ಲ" ಎಂದರು ಹೆಮ್ಮೆಯಿಂದ.

ತೊಳೆದ ಬಾಟಲಿಯನ್ನು ಮತ್ತೆ ಮರಕ್ಕೆ ಕಟ್ಟಿದರು. ಅಷ್ಟರಲ್ಲಿ ಮಕ್ಕಳು ಬಂದರು. ಹುಡುಗಿ ಮರದಲ್ಲಿ ತೂಗುತ್ತಿದ್ದ ಖಾಲಿ ಬಾಟಲಿಯನ್ನು ನೋಡಿದಳು, ನನ್ನ ಮುಖ ನೋಡಿದಳು. ನಾನು ಬಾಯಿ ತೆರೆಯುವ ಮೊದಲೇ ಪೆನ್ಸಿಲ್ ತೆಗೆದು ಹದಿನಾಲ್ಕು ಎಂದು ಬರೆದಳು.