ಟ್ರೆಬಲ್ ನಾಬಿನ ಕೆಂಪು ಚುಕ್ಕಿ

ಲಿಫ್ಟಿನ ಕೀ ಅನ್ನುವ ಸದ್ದು, ಸೂಜಿಯ ಮೊನೆಯಷ್ಟು ಸಣ್ಣದು, ಕಾರಿಡಾರಿನ ಆ ತುದಿಯಿಂದ, ಯಾರೋ ಮೇಲೆ ಬಂದರು, ಮಾವನೇ ಇರಬೇಕು, ಇಲ್ಲ, ಈ ಹೆಜ್ಜೆಗಳು ಬೇಗ ಬೇಗ ಬೀಳುತ್ತಿವೆ, ಗಿಟಾರಿನ ಪೆಟ್ಟಿಗೆ ಕೈಯಲ್ಲಿದ್ದರೆ ಮಾವನ ಎಡಗಾಲು ಸ್ವಲ್ಪ ಭಾರವಾಗಿ ಬೀಳುತ್ತದೆ, ಇದು ಬೇರೆ ಯಾರೋ — ಕಣ್ಣು ಮತ್ತೆ ಪರದೆಗೆ, ಮತ್ತೆ ಅಲ್ಲಿಗೇ, ಸದ್ದಿನ ಚೂಪು ಏರಿಸಿ ಇಳಿಸುವ ಟ್ರೆಬಲ್ ನಾಬಿನ ಪಕ್ಕದ ಕೆಂಪು ಚುಕ್ಕಿಗೆ. ಗಿಟಾರಿನ ಸದ್ದು ಹಿಗ್ಗಿಸುವ ಆಂಪ್ ಇದು, ಆದರೆ ಕಂಪ್ಯೂಟರಿನೊಳಗಿನದು, ಮರದ ಪೆಟ್ಟಿಗೆ ಇಲ್ಲ, ಬಿಸಿಯಾದ ಧೂಳಿನ ವಾಸನೆ ಇಲ್ಲ, ಹೊತ್ತು ಮೆಟ್ಟಿಲು ಹತ್ತುವ ಬೆನ್ನುನೋವಿಲ್ಲ ಅಂತ ಮಾವ ಸೇರಿಸುತ್ತಾನೆ, ಗಿಟಾರಿನ ಕೇಬಲ್ ಸಿಕ್ಕಿಸಿದರೆ ಸಾಕು, ಉಳಿದದ್ದೆಲ್ಲ ಲೆಕ್ಕಾಚಾರ, ಆದರೂ ನೋಡುವುದಕ್ಕೆ ಮಾವನ ಹಳೆಯ ಆಂಪೇ, ಚಿತ್ರ ಬಿಡಿಸುವ ಹುಡುಗಿ ಅವನ ಮನೆಗೇ ಹೋಗಿ ಫೋಟೋ ತೆಗೆದು ಒಂದು ಗೀರೂ ಬಿಡದೆ ಇಳಿಸಿದ್ದಾಳೆ, ಎಡಗಡೆ ಮೂಲೆಯ ಸಿಗರೇಟಿನ ಸುಟ್ಟ ಗುರುತು, ಸವೆದುಹೋದ ಅಂಕಿಗಳು, ಆಮೇಲೆ ಈ ಚುಕ್ಕಿ. ಚುಕ್ಕಿ ಅತ್ತೆಯ ಉಗುರುಬಣ್ಣ. ನಾನಾಗ ಮೇಜಿನ ಎತ್ತರ ಇದ್ದೆ, ವೇದಿಕೆಯ ಕತ್ತಲಲ್ಲಿ ಅಂಕಿ ಕಾಣೋದಿಲ್ಲ ಅಂತ ಮಾವ ಅತ್ತೆಯ ಬಾಟಲಿಗೆ ಕುಂಚ ಅದ್ದಿ, ಉಸಿರು ಹಿಡಿದು, ಒಂದೇ ಒಂದು ಚುಕ್ಕಿ ಇಟ್ಟ, ನೋಡು ಮರಿ, ನಾಬಿನ ಬಿಳಿ ಗೆರೆ ಈ ಚುಕ್ಕಿ ಎದುರಿಗೆ ನಿಂತರೆ ಅದು ನಾನು, ಮಿಕ್ಕದ್ದೆಲ್ಲ ಬೆರಳು ಅಂದ, ಅತ್ತೆ ಅಡುಗೆಮನೆ ಬಾಗಿಲಿಗೆ ಒರಗಿ, ಒಂದೇ ಕೈಗೆ ಹಚ್ಕೊಂಡಿದ್ದೆ, ಇನ್ನೊಂದು ಕೈಯದನ್ನ ಆ ಡಬ್ಬಕ್ಕೆ ಹಚ್ಚಿದ್ರಾ, ಮದುವೆ ಆಗಿದ್ದು ನಾನೋ ಅದೋ ಅಂದಳು, ಮಾವ ನಾಬನ್ನು ತಿರುಗಿಸುತ್ತಾ, ಅದು ಮೊದಲು ಬಂತು ಅಂದ.

ಪ್ರಿಸೆಟ್ ಅಂದರೆ ಏನು ಅಂತ ನನ್ನಮ್ಮ ಕೇಳಿದಾಗ, ಒಂದು ಸದ್ದಿಗೆ ಎಲ್ಲ ನಾಬುಗಳೂ ಎಲ್ಲೆಲ್ಲಿ ನಿಲ್ಲಬೇಕೋ ಅದನ್ನು ಒಟ್ಟಿಗೆ ಹಿಡಿದಿಟ್ಟದ್ದು, ಗುಂಡಿ ಒತ್ತಿದರೆ ಎಲ್ಲವೂ ತಾವಾಗಿ ಅಲ್ಲಿಗೆ ಹೋಗಿ ನಿಲ್ಲುತ್ತವೆ ಅಂದಿದ್ದೆ, ನನ್ನ ತಮ್ಮ ಅಲ್ಲೂ ಕುಂತ ಕಡೆಯೇ ಕೆಲಸ ಕಂಡುಕೊಂಡ ಅನ್ನು ಅಂದಿದ್ದಳು ಅಮ್ಮ. ಮಾವನ ಪ್ರಿಸೆಟ್‌ಗಳ ಕಟ್ಟು ಮುಂದಿನ ವಾರ ಮಾರಾಟಕ್ಕೆ ಹೋಗುತ್ತದೆ. ಎಷ್ಟೋ ಹಾಡುಗಳ ಹಿಂದೆ ಅವನ ಬೆರಳಿದೆ, ಯಾವುದರ ಮೇಲೂ ಹೆಸರಿಲ್ಲ, ಇದೊಂದರ ಮೇಲೆ ಇರುತ್ತದೆ, ದಪ್ಪ ಅಕ್ಷರದಲ್ಲಿ. ಜೋಡಿಸುವ ಕೆಲಸ ನನ್ನದು, ಸೋದರಸೊಸೆ ಅಂತಲ್ಲ, ಈ ಕಚೇರಿಯಲ್ಲಿ ಎಲ್ಲ ಕಲಾವಿದರದ್ದನ್ನೂ ಜೋಡಿಸುವವಳು ನಾನೇ, ಅವನು ಕಳಿಸಿದ ಫೋಲ್ಡರ್ ತೆರೆದರೆ ಪ್ರಿಸೆಟ್‌ಗಳ ಹೆಸರು ಹೀಗೆ, ಕೊನೆಯದು, ನಿಜವಾಗಿ ಕೊನೆಯದು, ಇದೇ ಕೊನೆಯದು, ಇದನ್ನ ಮುಟ್ಟಬೇಡ, ಅದರ ಕೆಳಗೆ ಅತ್ತೆ ಬೈದಾಗ, ಅದರ ಕೆಳಗೆ ಅತ್ತೆ ಮತ್ತೆ ಬೈದಾಗ. ನಮ್ಮ ಮುಖ್ಯಸ್ಥ, ಏನನ್ನೂ ಸೋಸದೆ ಬಿಡುವುದಿಲ್ಲವಾದ್ದರಿಂದ ಬೆನ್ನ ಹಿಂದೆ ನಮಗೆಲ್ಲ ಅವನು ಜರಡಿ, ಕನ್ನಡಕ ಮೇಲೆತ್ತಿ, ಇದೇನ್ರೀ, ಕೊಂಡವನಿಗೆ ಏನು ಗೊತ್ತಾಗ್ಬೇಕು ಇದರಲ್ಲಿ ಅಂದ, ಮಾವನಿಗೆ ಫೋನ್ ಮಾಡಿ ಹೇಳಿದರೆ, ಬೈಸ್ಕೊಂಡವರಿಗೆ ಗೊತ್ತಾಗುತ್ತೆ ಬಿಡು, ಅವರಿಗಿನ್ನೂ ಮದುವೆ ಆಗಿಲ್ವಾ ಅಂದ. ಕಡೆಗೆ ಫೋಲ್ಡರ್‌ಗಳಿಗೆ ಕೆಲಸದ ಹೆಸರು, ಕ್ಲೀನ್ ತಿಳಿ ಸದ್ದಿಗೆ, ಕ್ರಂಚ್ ಅಂಚು ಒರಟಾದದ್ದಕ್ಕೆ, ಲೀಡ್ ಒಬ್ಬನೇ ಮುಂದೆ ಬಂದು ನುಡಿಸುವುದಕ್ಕೆ, ಒಳಗೆ ಮಾವ ಇಟ್ಟ ಹೆಸರು, ಅತ್ತೆ ಬೈದಾಗ ಕ್ರಂಚ್‌ಗೆ ಹೋಯಿತು, ಜರಡಿಗೂ ಒಪ್ಪಿಗೆ, ಮಾವನಿಗೂ. ಆಮೇಲೆ ಎಲ್ಲದರ ಮಟ್ಟ ಸಮ ಮಾಡಬೇಕು, ಕಿವಿಗೆ ಜೋರಾದದ್ದೇ ಚೆಂದ ಅನ್ನಿಸುತ್ತದೆ, ಸಮ ಮಾಡದೆ ಹೋಲಿಸಿದರೆ ಮೋಸ ಹೋಗುತ್ತೇವೆ, ಇದು ಈ ಕಸುಬಿನ ಮೊದಲ ಪಾಠ, ಸಮ ಮಾಡಿದೆ, ಮಾಡಿದ ಮೇಲೂ ಕೆಲವು ಪ್ರಿಸೆಟ್‌ಗಳು ಹಲ್ಲಿನ ಬುಡಕ್ಕೆ ತಾಗುತ್ತಿದ್ದವು, ತಗಡಿನ ಮೇಲೆ ಮೊಳೆ ಎಳೆದ ಹಾಗೆ. ಜೋರಲ್ಲ, ಚೂಪು. ಹಾಗೇ ಬಿಟ್ಟರೆ ಕೊಂಡವರು ಅವನ ಹೆಸರಿನ ಕೆಳಗೇ ಬರೆಯುತ್ತಾರೆ, ಮುದುಕನ ಆಂಪ್ ತುಕ್ಕು ಹಿಡಿದಿದೆ ಅಂತ, ಜನ ಹಾಗೇ ಬರೆಯುತ್ತಾರೆ, ನಾನು ದಿನಾ ಓದುತ್ತೇನೆ.

ತಂತಿ ಹಳೆಯದಿರಬೇಕು, ಹಳೆಯ ತಂತಿ ಮಂಕಾಗಿ ಕೇಳುತ್ತದೆ, ಸರಿದೂಗಿಸಲು ಟ್ರೆಬಲ್ ಏರಿಸಿರುತ್ತಾನೆ ಅಂದುಕೊಂಡೆ — ಕೇಳಿದರೆ ಹೋದ ತಿಂಗಳು ತಾನೆ ಬದಲಾಯಿಸಿದೆ ಅಂದ. ಹೆಡ್‌ಫೋನ್ ಮಂದವಿರಬೇಕು ಅಂತ ನಮ್ಮದನ್ನೇ ಕಳಿಸಿಕೊಟ್ಟೆ, ಅದರಲ್ಲಿ ಮಾಡಿದ್ದು ಇನ್ನೂ ಚೂಪು. ಗಿಟಾರಿನ ಮೇಲಿನ ಟೋನ್ ನಾಬು ಇಳಿಸಿಕೊಂಡಿರಬೇಕು, ಅದೂ ಇಲ್ಲ, ಪೂರ್ತಿ ತೆರೆದೇ ಇದೆ. ಒಂದೊಂದೇ ಕಾರಣ ಎತ್ತಿ ನೋಡಿ ಕೆಳಗಿಡುತ್ತಾ ಹೋಗುವುದು ನನಗೆ ರೂಢಿ, ಕೊನೆಗೆ ಉಳಿಯುವುದು ಇಷ್ಟವಾಗಲಿ ಬಿಡಲಿ ಅದೇ ಅಂತ ಗೊತ್ತು, ಗೊತ್ತಿದ್ದೂ ಇನ್ನೊಂದು ಕಾರಣ ಸಿಗಬಹುದೇ ಅಂತ ಹುಡುಕುತ್ತಿದ್ದೆ. ನಿನ್ನೆ ಹೆಸರಿನ ಮೇಲೆ ಒತ್ತಲು ಹೋಗಿ ಪಕ್ಕದ ತಾರೀಖಿನ ಮೇಲೆ ಒತ್ತಿಬಿಟ್ಟೆ, ಫೋಲ್ಡರ್ ಮಗುಚಿತು, ಹಳೆಯದು ಮೇಲೆ, ಹೊಸದು ಕೆಳಗೆ, ಪ್ರತಿ ಹೆಸರಿನ ಪಕ್ಕ ಆಂಪಿನ ಪುಟ್ಟ ಚಿತ್ರ, ಎಲ್ಲದರಲ್ಲೂ ಚುಕ್ಕಿ ಇದ್ದಲ್ಲೇ ಇದೆ, ಮೊದಲ ಚಿತ್ರಗಳಲ್ಲಿ ಬಿಳಿ ಗೆರೆ ಅದರ ಎದುರು, ಕೆಳಗಿಳಿದಂತೆ ಗೆರೆ ಒಂದು ಕೂದಲು ಆಚೆ, ಒಂದು ಕಡ್ಡಿ ಆಚೆ, ಬೆರಳು ಆಚೆ, ಕಟ್ಟಕಡೆಯದರಲ್ಲಿ ತಿರುಗಲು ಜಾಗವೇ ಇಲ್ಲ. ಅವನು ಬದಲಾಯಿಸಿಲ್ಲ. ಅವನಿಗೆ ಕೇಳುವ ಸದ್ದು ಮೊದಲಿನಿಂದಲೂ ಒಂದೇ, ಅದನ್ನು ಅಲ್ಲೇ ಉಳಿಸಿಕೊಳ್ಳಲು ಪ್ರತಿಸಲ ಇಷ್ಟಿಷ್ಟೇ ತಿರುಗಿಸಿದ್ದಾನೆ. ಹೋದ ಸಲ ಅವನಿಗೆ ಜ್ವರ ಬಂದಾಗ ಥರ್ಮಾಮೀಟರ್ ಬಾಯಲ್ಲಿಟ್ಟುಕೊಂಡು ಕೂತೇ ಇದ್ದ, ಅದು ಕೂಗಿ ಕೂಗಿ ಸುಮ್ಮನಾಯಿತು, ಅತ್ತೆ ಬಂದು ಕಿತ್ತು ನೋಡಿ, ಅದನ್ನೇ ಊಟ ಅಂದ್ಕೊಂಡ್ರಾ ಅಂದಳು, ನಾವೆಲ್ಲ ನಕ್ಕೆವು, ಮಾವನೂ ನಕ್ಕ. ಇವರಿಗೆ ನನ್ನ ಮಾತು ಕೇಳೋದು ನಿಂತು ಯಾವ ಕಾಲ ಆಯ್ತು, ಮದುವೆಯಾದ ಮಾರನೇ ದಿನದಿಂದಲೇ ಅಂತ ಅತ್ತೆ ಬಂದವರಿಗೆಲ್ಲ ಹೇಳುತ್ತಾಳೆ, ಎಲ್ಲ ಗಂಡಂದಿರಿಗೂ ಅದೇ ರೋಗ ಅಂತ ಬಂದವರೂ ಹೇಳುತ್ತಾರೆ, ಆ ನಗುವಿನ ಹಿಂದೆ ಚೂಪು ಸದ್ದು ಕೇಳದಾದ ಕಿವಿ ಎಷ್ಟು ವರ್ಷ ಬೇಕಾದರೂ ಅಡಗಿಕೊಂಡಿರಬಹುದು. ಇವತ್ತು ಅವನು ಬಂದು ಕೇಳಿ ಒಪ್ಪಬೇಕು. ನಾನು ನಿನ್ನೆಯೇ ಒಂದನ್ನು, ಅವನಿಗೆ ಎಲ್ಲಕ್ಕಿಂತ ಇಷ್ಟದ್ದನ್ನು, ಇದನ್ನ ಮುಟ್ಟಬೇಡ ಅನ್ನುವುದನ್ನು, ಮುಟ್ಟಿದೆ, ಗೆರೆಯನ್ನು ಚುಕ್ಕಿಗೆ ತಂದು ಕೇಳಿದೆ, ನನ್ನ ಚಿಕ್ಕಂದಿನ ಮನೆಯ ಹಜಾರ ಹಾಗೇ ಕಣ್ಣೆದುರಿಗೆ ಬಂತು. ಹೇಳದೆ ಹೀಗೇ ಕಳಿಸಿಬಿಡಬಹುದಿತ್ತು, ಹೊರಗಿನವರಿಗೆ ಒಳ್ಳೆಯದಾಗಿ ಕೇಳುತ್ತದೆ, ಅವನು ಮನೆಯಲ್ಲಿ ತೆರೆದು ಕೇಳಿದರೆ ತನ್ನ ಹೆಸರಿನ ಕೆಳಗೆ ಇನ್ಯಾರದೋ ಸದ್ದು.

ಕೀ — ಈಗ ಎಡಗಾಲು ಭಾರ, ಬಲಗಾಲು ಹಗುರ, ಬಾಗಿಲಲ್ಲಿ ಮಾವ, ಏನೇ ಮರಿ, ನಿಮ್ಮ ಆಫೀಸಲ್ಲಿ ನೀರಾದ್ರೂ ಕೊಡ್ತಾರಾ ಅಥವಾ ಅದಕ್ಕೂ ಜರಡಿ ಸಹಿ ಬೇಕಾ ಅಂತ ಕೂತ, ಕುರ್ಚಿ ಕಿರ್ ಅಂತು, ಗಿಟಾರ್ ಸಿಕ್ಕಿಸಿಕೊಟ್ಟೆ, ಹೆಬ್ಬೆರಳಿನಿಂದ ಒಮ್ಮೆ ಸವರಿದ, ತಲೆ ಸ್ವಲ್ಪ ಓರೆ ಮಾಡಿದ, ಮತ್ತೆ ಸವರಿದ. ಕಂಬಳಿ ಹೊದಿಸಿದೀಯಲ್ಲೇ ಇದಕ್ಕೆ. ಮೌಸ್ ತೆಗೆದುಕೊಂಡ, ಕೇಳದೆ, ನಾಬಿನ ಮೇಲಿಟ್ಟು ಎಳೆದ, ಬಿಳಿ ಗೆರೆ ಚುಕ್ಕಿಯನ್ನು ಬಿಟ್ಟು ಹೊರಟಿತು, ಹೋಗುತ್ತಲೇ ಇದೆ, ಸದ್ದು ತಗಡಾಯಿತು, ನನ್ನ ದವಡೆ ಬಿಗಿಯಿತು, ಅವನ ಮುಖ ಸಡಿಲವಾಯಿತು, ಹಾಂ, ಈಗ ಬಂತು ನೋಡು. ನುಡಿಸುತ್ತಿದ್ದಾನೆ, ಬೆರಳಲ್ಲಿ ಒಂದು ತಪ್ಪಿಲ್ಲ, ಯಾವತ್ತೂ ಇರಲಿಲ್ಲ. ಆಮೇಲೆ ಪರದೆಯ ಹತ್ತಿರ ಬಗ್ಗಿ, ಚಿತ್ರ ಚೆನ್ನಾಗಿ ಬರೆದಿದಾಳೆ ಕಣೇ ಆ ಹುಡುಗಿ, ಸುಟ್ಟಿದ್ದು ಸಹ ಬಿಟ್ಟಿಲ್ಲ, ಆದ್ರೆ ಚುಕ್ಕಿ ತಪ್ಪಾಗಿದೆ, ಇಲ್ಲಿಟ್ಟಿದಾಳೆ, ಅದು ಇರೋದು ಇಲ್ಲಿ, ಅಂತ ತೋರುಬೆರಳಿನಿಂದ ಗಾಜನ್ನು ಒತ್ತಿದ, ಗೆರೆ ಎಲ್ಲಿ ನಿಂತಿತ್ತೋ ಸರಿಯಾಗಿ ಅಲ್ಲಿ, ಸ್ವಲ್ಪ ಸರಿಸೋಕೆ ಹೇಳು. ಸರಿಸಬಹುದು, ಚಿತ್ರದ ಒಂದು ಪದರ ಅಷ್ಟೇ, ಹಿಡಿದು ಎಳೆದುಬಿಟ್ಟರೆ ಗೆರೆ ಚುಕ್ಕಿ ಎದುರುಬದುರು, ಯಾರಿಗೂ ಏನೂ ಆಗಿಲ್ಲ, ಮಾವ ನೀರು ಕುಡಿದು ಮನೆಗೆ ಹೋಗುತ್ತಾನೆ. ಚುಕ್ಕಿ ಸರಿ ಇದೆ ಮಾವ ಅಂದೆ. ಫೋಟೋ ಓರೆಯಾಗಿ ತೆಗೆದಿರ್ತಾಳೆ. ನೇರವಾಗೇ ತೆಗೆದಿದಾಳೆ, ನಾನು ಜೊತೆಗಿದ್ದೆ. ಅವನು ಚಿತ್ರ ನೋಡಿದ, ನನ್ನನ್ನು ನೋಡಿದ, ಅಷ್ಟರಲ್ಲಿ ಕಾರಿಡಾರಿನಲ್ಲಿ ಕೀ, ನನ್ನ ತಲೆ ತಾನಾಗಿ ಆ ಕಡೆ ತಿರುಗಿತು, ಏನು ಅಂದ, ಲಿಫ್ಟು ಅಂದೆ, ಸದ್ದು ಮಾಡ್ತಾ ಅದು, ಪ್ರತಿಸಲ ಮಾಡುತ್ತೆ ಮಾವ, ನೀನು ಬಂದಾಗಲೂ ಮಾಡ್ತು. ಓಹೋ ಅಂದ. ತಂತಿಗಳ ಮೇಲೆ ಅಂಗೈ ಇಟ್ಟು ಸದ್ದು ನಿಲ್ಲಿಸಿದ, ನಿಂತಿದ್ದ ಸದ್ದನ್ನೇ ಇನ್ನೊಮ್ಮೆ ನಿಲ್ಲಿಸಿದ ಹಾಗೆ, ಹೊರಗೆ ಯಾರೋ ಕಪ್ಪು ತೊಳೆಯುತ್ತಿದ್ದಾರೆ, ಮೇಜಿನ ಮೇಲೆ ನೀರಿನ ಲೋಟ, ಅದರ ಸುತ್ತ ತೇವದ ಉಂಗುರ. ಆಮೇಲೆ ತಾನೇ ಮೌಸ್ ಹಿಡಿದ, ತಿರುಗಿಸುತ್ತಾ ಬಂದ, ನಿಧಾನ, ಗೆರೆ ಚುಕ್ಕಿಯ ಎದುರು ನಿಂತಿತು, ಅದೇ ಎರಡು ಸಾಲು ನುಡಿಸಿದ, ನಿಂಗೆ ಹೆಂಗೆ ಕೇಳುತ್ತೆ ಇದು. ನಿನ್ನ ಹಾಗೇ ಕೇಳುತ್ತೆ. ನಂಗೆ ಪಕ್ಕದ ಮನೇಲಿ ಯಾರೋ ನುಡಿಸಿದ ಹಾಗೆ ಕೇಳುತ್ತೆ, ಅಂದ, ಹವಾಮಾನ ಹೇಳಿದ ದನಿಯಲ್ಲಿ, ಪಕ್ಕದ ಮನೆಯವನು ಪರವಾಗಿಲ್ಲ ಕಣೇ, ಕೈ ಇದೆ. ಇದನ್ನೇ ಇಡು. ಮಿಕ್ಕದ್ದನ್ನೂ ನೀನೇ ಕೇಳಿ ಕೂಡಿಸು, ನಿನ್ನ ಕಿವಿ ನಾನೇ ತಿದ್ದಿದ್ದು, ನಂಬಬಹುದು. ನಿಮ್ಮತ್ತೆಗೆ ನಾನೇ ಹೇಳ್ತೀನಿ, ನೀನು ಮೊದಲೇ ಹೇಳ್ಬಿಟ್ರೆ ಬೈಯೋಕೆ ಹೊಸ ವಿಷಯ ಸಿಕ್ತು ಅಂತ ಖುಷಿಪಡ್ತಾಳೆ. ಪೆಟ್ಟಿಗೆಯ ಚಿಲಕ, ಒಂದು, ಇನ್ನೊಂದು, ಎಡಗಾಲು ಭಾರ, ಬಲಗಾಲು ಹಗುರ, ಕಾರಿಡಾರಿನ ತುದಿಯಲ್ಲಿ ಹೆಜ್ಜೆ ನಿಂತಿತು, ಕೀ, ಇಲ್ಲಿಂದ ಕಾಣುತ್ತದೆ, ಲಿಫ್ಟಿನ ಬಾಗಿಲು ತೆರೆದಿದೆ, ಮಾವ ಬೇರೆ ಕಡೆ ನೋಡುತ್ತಾ ನಿಂತೇ ಇದ್ದಾನೆ, ಈಗ ತಿರುಗಿದ, ಒಳಗೆ ಹೋದ. ಸೇವ್ ಒತ್ತಬೇಕು, ಹೆಸರು ಕೇಳುತ್ತಿದೆ, ಇದನ್ನ ಮುಟ್ಟಬೇಡ, ಇದ್ದದ್ದೇ ಇರಲಿ, ಬೆರಳು ಗುಂಡಿಯ ಮೇಲೆ, ಗಾಜಿನ ಮೇಲೆ ಅವನು ಒತ್ತಿದ ಕಡೆ ಬೆರಳಿನ ಜಿಡ್ಡು, ದುಂಡಗೆ, ಬೆಳಕಿಗೆ ಹೊಳೆಯುತ್ತಾ, ಒರೆಸಬೇಕು, ಒರೆಸುತ್ತಿಲ್ಲ, ಅದರಿಂದ ಒಂದು ಬೆರಳು ಈಚೆಗೆ ಬಿಳಿ ಗೆರೆ, ಗೆರೆಯ ಎದುರು ಚುಕ್ಕಿ, ಅಲ್ಲಿ ಅವನ ಬೆರಳು, ಇಲ್ಲಿ ಚುಕ್ಕಿ, ಅತ್ತೆಯ ಉಗುರಿನ ಕೆಂಪು, ಇಟ್ಟಲ್ಲೇ, ಚುಕ್ಕಿ