ಡಾಕ್ಟ್ರಮ್ಮನ ಕೋಲಿಗೆ ಬೋರನಕಣಿವೆಯ ಸೀಸ

ಹಂದನಕೆರೆಯ ರಂಗನಾಥನ ಬಲಗೈ ಇದೆಯಲ್ಲ, ಅದು ಮೂರು ತಾಲ್ಲೂಕಿಗೂ ಸೇರಿ ಒಂದೇ ತಕ್ಕಡಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಲ್ಲಿ ಎಷ್ಟು ತೆಂಗಿನಮರಗಳಿವೆಯೋ ಅಷ್ಟು ಜನ ಬಂದು ಸಾಕ್ಷಿ ಹೇಳಿಯಾರು. ವರ್ಷವಿಡೀ ಅಟ್ಟದ ಮೇಲೆ ಕೂತು, ಕರಟದೊಳಗೇ ಒಣಗಿ ಉಂಡೆಯಾದ ಕೊಬ್ಬರಿ ಗಿಟುಕನ್ನು ಅವನು ಅಂಗೈಯಲ್ಲಿಟ್ಟು ಒಮ್ಮೆ ಹಾರಿಸಿ ಹಿಡಿದರೆ ಸಾಕು. ತೂಕ ಎಷ್ಟು, ಯಾವ ತೋಟದ್ದು, ಯಾವ ಮರದ್ದು, ಆ ಮರದ ಯಜಮಾನ ಗೊಬ್ಬರ ಹಾಕಿದ್ದನೋ ಬರೀ ಸುಳ್ಳು ಹೇಳಿದ್ದನೋ, ಎಲ್ಲವನ್ನೂ ಹೇಳಿಬಿಡುತ್ತಿದ್ದ. ಇನ್ನು ಮಚ್ಚು ಹಿಡಿದು ಕರಟ ಒಡೆಯಲು ಕೂತನೆಂದರೆ, ನಾಲ್ಕು ಕಡೆ ತಟ್ಟುವುದರೊಳಗೆ ಕರಟ ನಾಚಿಕೊಂಡು ತಾನಾಗಿಯೇ ಕಳಚಿಕೊಳ್ಳುತ್ತಿತ್ತು. ಗಿಟುಕಿನ ಮೇಲೆ ಒಂದು ಗೀರು ಬಿದ್ದದ್ದನ್ನು ಕಂಡವರಿಲ್ಲ.

ಇಂಥ ಕೈ ಒಂಬತ್ತು ವರ್ಷದ ಹಿಂದೆ ಇಲ್ಲವಾಗುವುದರಲ್ಲಿತ್ತು. ಅಟ್ಟದ ಏಣಿ ಜಾರಿ ಬಿದ್ದು ಮಣಿಕಟ್ಟು ಚೂರುಚೂರಾಗಿತ್ತು. ಎಷ್ಟು ಚೂರು ಎಂದು ಎಣಿಸಲು ಹೋದವರು ಇಪ್ಪತ್ತಕ್ಕೆ ಸುಸ್ತಾಗಿ ಬಿಟ್ಟರು. ಎಕ್ಸ್‌ರೇ ನೋಡಿದ ಅವನ ಹೆಂಡತಿ ಸುನಂದಾ, "ಇದೇನು ಅವಲಕ್ಕಿ ಚೀಲದ ಫೋಟೋನಾ?" ಎಂದು ಕೇಳಿ ಅಳಲು ಕೂತಿದ್ದಳು. ಕೈಯ ಆಸೆ ಬಿಡಿ ಎಂದವರೇ ಎಲ್ಲ. ಬಿಡದೆ ಹಿಡಿದವರು ಮೂಳೆ ಡಾಕ್ಟರು ಗಿರಿಜಾಂಬಿಕಾ ಒಬ್ಬರೇ. ಬೆಳಿಗ್ಗೆ ಆಪರೇಷನ್ನಿಗೆ ಕೂತವರು ಸಂಜೆಗೆ ಎದ್ದರು. ಆಮೇಲೆ ಅವನ ಕೈಗೆ ಒಂದು ಗಿಟುಕು ಕೊಟ್ಟು, "ದಿನಾ ನೂರು ಸಲ ಅಂಗೈಯಲ್ಲಿ ತಿರುಗಿಸು" ಎಂದರು. ರಂಗನಾಥ ಸಾವಿರ ಸಲ ತಿರುಗಿಸಿದ. ಮೂರು ತಿಂಗಳಿಗೆ ಗಿಟುಕು ಸವೆದು ಅಡಿಕೆಯಷ್ಟಾಯಿತು, ಕೈ ಮೊದಲಿನಂತಾಯಿತು.

ಆ ಉಪಕಾರ ತೀರಿಸಬೇಕೆಂದು ಅವನು ಮಾಡದ ಪ್ರಯತ್ನವಿಲ್ಲ. ಒಂದು ಕುಂಬಳಕಾಯಿ ಹೊತ್ತುಕೊಂಡು ಹೋದರೆ ಡಾಕ್ಟ್ರಮ್ಮ ಎರಡು ಬುಟ್ಟಿ ಸಪೋಟ ಹೊರಿಸಿ ಕಳಿಸುವರು. ಅವರೆಕಾಯಿ ಕೊಟ್ಟರೆ ಜೇನು ಕೊಡುವರು. "ಡಾಕ್ಟ್ರಮ್ಮನ ಮನೆಗೆ ಕೊಡಾಕೆ ಹೋಗ್ತಾರಂತೆ ಇವ್ರು! ಹೋದಾಗೆಲ್ಲ ತುಂಬ್ಕೊಂಡು ಬತ್ತಾರೆ" ಎಂದು ಸುನಂದಾ ಹಂಗಿಸುತ್ತಿದ್ದಳು.

ಡಾಕ್ಟ್ರಮ್ಮ ಈಗ ನಿವೃತ್ತರಾಗಿ ಕಂದಿಕೆರೆಯ ತಮ್ಮ ತೋಟದಲ್ಲಿದ್ದರು. ವಯಸ್ಸು ಎಪ್ಪತ್ತೆರಡು. ಹಿಂದೆ ಕೆಲವು ವರ್ಷ ಮಿಲಿಟರಿ ಆಸ್ಪತ್ರೆಯಲ್ಲಿದ್ದಾಗ ಅಂಟಿದ ಗಾಲ್ಫ್ ಚಟ ಬಿಟ್ಟಿರಲಿಲ್ಲ. ಗಾಲ್ಫ್ ಎಂದರೆ ಇಡೀ ಆಟವಲ್ಲ, ಅದಕ್ಕೆ ಜಾಗವೆಲ್ಲಿದೆ? ಕೊನೆಯಲ್ಲಿ ಚೆಂಡನ್ನು ಮೆಲ್ಲಗೆ ತಟ್ಟಿ ಗುಳಿಗೆ ಕೆಡವುವುದಿದೆಯಲ್ಲ, ಅಷ್ಟು. ಅದಕ್ಕೆಂದೇ ತೆಂಗಿನ ಸಾಲುಗಳ ನಡುವೆ ಹುಲ್ಲು ಬೆಳೆಸಿದ್ದರು. ಗುಳಿಗೆ ಅಂಗಡಿಯ ಬಟ್ಟಲು ಬೇಕಿರಲಿಲ್ಲ. ನಮ್ಮ ಕಡೆಯ ಕರಟದ ಹೋಳೊಂದನ್ನು ಹೂತರೆ ಅಳತೆ ಹೇಳಿ ಮಾಡಿಸಿದ ಹಾಗೆ. ಕರಟದ ಕಣ್ಣಿನಿಂದ ಮಳೆನೀರೂ ಇಳಿದುಹೋಗುವುದು. ಭೂಮಿಯ ಮೇಲಿರುವ ಗಾಲ್ಫ್ ಮೈದಾನಗಳವರೆಲ್ಲ ಬಂದು ನೋಡಿ ಕಲಿಯಬೇಕಾದ ಗುಳಿ ಅದು.

ಮಂಗಳವಾರ ರಂಗನಾಥ ತೋಟದ ಕಾಯಿ ನೋಡಲು ಹೋದಾಗ ಡಾಕ್ಟ್ರಮ್ಮ ಪಟರ್ ಹಿಡಿದು ನಿಂತಿದ್ದರು. ಪಟರ್ ಎಂದರೆ ಆ ಮೆಲ್ಲಗೆ ತಟ್ಟುವ ಕೋಲು. ಉಕ್ಕಿನ ಕೊಳವೆ, ಕೆಳಗೆ ಚಪ್ಪಟೆ ತಲೆ. ಚೆಂಡಿಗೂ ಗುಳಿಗೂ ನಾಲ್ಕೇ ಮೊಳ. ತಟ್ಟಿದರು. ಚೆಂಡು ಗುಳಿಯನ್ನು ಬಿಟ್ಟು ಬಾಳೆಗಿಡದ ಕಡೆ ಹೊರಟಿತು. ಮತ್ತೆ ತಟ್ಟಿದರು. ಮತ್ತೆ ಬಾಳೆಗಿಡ. ಆಗ ರಂಗನಾಥ ಅವರ ಕೈ ನೋಡಿದ. ಅವನ ಮಣಿಕಟ್ಟಿನ ಚೂರುಗಳನ್ನು ಒಂದೊಂದಾಗಿ ಹೊಂದಿಸಿದ ಕೈಗಳು ಗಾಳಿಗೆ ಸಿಕ್ಕ ಅರಳಿ ಎಲೆಯಂತೆ ನಡುಗುತ್ತಿದ್ದವು.

"ಏನ್ ನೋಡ್ತೀಯಯ್ಯ? ವಯಸ್ಸಾಯ್ತು. ನಡುಕಕ್ಕೆ ಮಾತ್ರೆ ನುಂಗೋದು ನುಂಗ್ತಾನೇ ಇದೀನಿ."

"ಕೋಲು ಸರಿಯಿಲ್ವೇನೋ ಅಮ್ಮಾರೆ."

"ಕೋಲು ಕೈಯಲ್ಲಿದೆ ಅನ್ನೋದೇ ಗೊತ್ತಾಗ್ತಿಲ್ಲ ನನಗೆ, ಗರಿ ಹಿಡಿದ ಹಾಗಿದೆ. ಭಾನುವಾರ ತುರುವೇಕೆರೆಯಿಂದ ಮೇಜರ್ ಬಸವರಾಜಪ್ಪ ಬರ್ತಾರೆ, ವರ್ಷಕ್ಕೊಂದ್ಸಲದ ಪಂದ್ಯ. ಸೋತರೆ ಸೋತೆ, ಅದಕ್ಕಲ್ಲ. ಹೀಗೆ ದಿಕ್ಕಾಪಾಲಾಗಿ ಹೊಡೆಯೋದಾದ್ರೆ ಇದೇ ಕೊನೆ. ಸೋಮವಾರ ಈ ಹುಲ್ಲನ್ನ ಉತ್ತು ಹುರುಳಿ ಚೆಲ್ಲಿಸಿಬಿಡ್ತೀನಿ. ಬೀಜದ ಚೀಲ ತರಿಸಿಟ್ಟಾಗಿದೆ."

ಜಗುಲಿಯ ಮೇಲೆ ಹುರುಳಿ ಚೀಲ ಇತ್ತು. ಡಾಕ್ಟ್ರಮ್ಮನ ಮಾತೆಂದರೆ ಮಾತೇ. ರಂಗನಾಥ ಚೀಲ ನೋಡಿದ, ಕೋಲು ನೋಡಿದ, ಮರುಕ್ಷಣವೇ ಹಿಗ್ಗಿದ. ಒಂಬತ್ತು ವರ್ಷದಿಂದ ಕಾಯುತ್ತಿದ್ದ ಕೆಲಸ ಕಾಲ ಬಳಿಗೇ ಬಂದಿತ್ತಲ್ಲ.

"ಕೋಲು ಇತ್ಲಾಗ್ ಕೊಡಿ ಅಮ್ಮಾರೆ. ತೂಕದ ಇಚಾರ ನನಗೆ ಬುಡಿ."

"ಚೆಂಡೂ ತಗೊಂಡ್ಹೋಗಯ್ಯ, ಪರೀಕ್ಷೆ ಮಾಡೋದಕ್ಕೆ."

"ಗುಂಡಗಿರೋ ವಸ್ತುಗೆ ನಮ್ಮೂರಲ್ಲಿ ಬರಗಾಲವಾ ಅಮ್ಮಾರೆ?" ಎಂದು ನಗುತ್ತ ರಂಗನಾಥ ಕೋಲನ್ನು ಬೈಕಿಗೆ ಕಟ್ಟಿಕೊಂಡು ಹೊರಟೇಬಿಟ್ಟ.

ಬೋರನಕಣಿವೆಯ ಜಲಾಶಯದಲ್ಲಿ ಮೀನು ಹಿಡಿಯುವ ದುರ್ಗಯ್ಯ ಅವನ ಹಳೆಯ ಗೆಳೆಯ. ಬಲೆಯ ಅಂಚಿಗೆ ಪೋಣಿಸುವ ಸೀಸದ ಗುಂಡುಗಳನ್ನು ಅವನಿಂದ ಎರಡು ಬೊಗಸೆ ಇಸಿದುಕೊಂಡು ಬಂದು, ಒಂದಷ್ಟನ್ನು ಹಳೆಯ ಸೌಟಿನಲ್ಲಿ ಕರಗಿಸಿ, ತಗಡಿನಂತೆ ಬಡಿದು, ಕೋಲಿನ ತಲೆಯ ತಳಕ್ಕೆ ಅಂಟಿಸಿದ. ಕೊಬ್ಬರಿ ಒಣಹಾಕುವ ಕಣ ಗುಡಿಸಿ, ಗಿಟುಕುಗಳನ್ನು ಸಾಲಾಗಿಟ್ಟು ತಟ್ಟತೊಡಗಿದ.

"ತಿನ್ನೋ ಕೊಬ್ಬರೀನ ಕೋಲಲ್ಲಿ ಹೊಡೀತಾವ್ರಲ್ಲಪ್ಪ, ಯಾವ ದೆವ್ವ ಹಿಡೀತು ಇವ್ರಿಗೆ?" ಎಂದಳು ಸುನಂದಾ.

"ಗಾಲ್ಫ್ ಚೆಂಡು ಪೂರಾ ದುಂಡಗಿರ್ತದೆ ಕಣೇ, ಅದನ್ನ ಯಾರ್ ಬೇಕಾದ್ರೂ ಉರುಳಿಸ್ತಾರೆ. ಸೊಟ್ಟ ಇರೋ ಗಿಟುಕೇ ನೆಟ್ಟಗೆ ಹೋಯ್ತು ಅಂದ್ರೆ ಇನ್ನು ಚೆಂಡು ಎತ್ಲಾಗ್ ಹೋದಾತು?"

ಈ ವಾದವನ್ನು ಸುಪ್ರೀಂ ಕೋರ್ಟೂ ಒಪ್ಪಿಬಿಡುತ್ತಿತ್ತು. ಮೊದಲು ಗಿಟುಕು ಎರಡು ಮಾರು ಹೋಗಿ ನಿಂತಿತು. ಸೀಸ ಸೇರಿಸಿದ. ಮೂರು ಮಾರು ಹೋಯಿತು. ಇನ್ನಷ್ಟು ಸೇರಿಸಿದ. ಗುರುವಾರದ ಹೊತ್ತಿಗೆ ಗಿಟುಕುಗಳು ರೈಲು ಬೋಗಿಗಳಂತೆ ಒಂದರ ಹಿಂದೊಂದು ನೆಟ್ಟಗೆ ಹೋಗಿ ಸುನಂದಾ ಇಟ್ಟ ಸೇರಿನೊಳಗೆ ಬೀಳುತ್ತಿದ್ದವು. ಕೋಲಿನ ತಲೆ ಬೀಸುಕಲ್ಲಿಗೆ ಭಾವಮೈದುನನಾಗಿತ್ತು.

ಶುಕ್ರವಾರ ಬೆಳಿಗ್ಗೆ ಕಂದಿಕೆರೆಯಲ್ಲಿ ಡಾಕ್ಟ್ರಮ್ಮ ಕೋಲು ಹಿಡಿದು, ಎಂದಿನಂತೆ ಮೆಲ್ಲಗೆ ಒಂದು ತಟ್ಟು ತಟ್ಟಿದರು.

ಚೆಂಡು ಗುಳಿಯನ್ನು ಕಣ್ಣೆತ್ತಿಯೂ ನೋಡಲಿಲ್ಲ. ಹುಲ್ಲು ದಾಟಿತು, ಬಾಳೆ ದಾಟಿತು, ಕಾಲುವೆಯ ಮೇಲೆ ಹಾರಿತು, ಕೊಟ್ಟಿಗೆಯ ಕಂಬಕ್ಕೆ ಬಡಿದು ಗೋದಲಿಯೊಳಗೆ ಬಿತ್ತು. ಮೇಯುತ್ತಿದ್ದ ಹಸು ತಲೆಯೆತ್ತಿ ರಂಗನಾಥನನ್ನು ನೋಡಿದ ನೋಟವಿದೆಯಲ್ಲ, ಅಂಥ ನೋಟವನ್ನು ಅವನು ಅತ್ತೆಮನೆಯಲ್ಲೂ ಕಂಡಿರಲಿಲ್ಲ.

"ಯಾವ ಚೆಂಡಲ್ಲಿ ಪರೀಕ್ಷೆ ಮಾಡಿದೆಯಯ್ಯ?"

"ಗಿಟುಕಲ್ಲಿ, ಅಮ್ಮಾರೆ."

ಡಾಕ್ಟ್ರಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಒಂದು ಗಿಟುಕಿನ ತೂಕಕ್ಕೆ ಮೂರು ಚೆಂಡು ಬರುತ್ತಲ್ಲಯ್ಯ! ಮೂರು ತಾಲ್ಲೂಕಿನ ತಕ್ಕಡಿ ನೀನು!" ಆದರೆ ನಗುತ್ತಲೇ ಅವರು ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಒತ್ತಿಕೊಂಡದ್ದು ಅವನಿಗೆ ಕಾಣಿಸಿತು. ತಲೆಭಾರದ ಕೋಲು ಕೈಯನ್ನು ಕೆಳಕ್ಕೆ ಜಗ್ಗಿತ್ತು. ನಡುಕ ಕಡಿಮೆಯಾಗುವುದಿರಲಿ, ಹೆಚ್ಚಾಗಿತ್ತು.

ಬಡಾಯಿಗೆ ಹೆಸರಾದ ರಂಗನಾಥ ಗೋದಲಿಯಿಂದ ಚೆಂಡು ತೆಗೆದು ತಂದು ಜಗುಲಿಯ ಮೇಲೆ ಕೂತ. ಡಾಕ್ಟ್ರಮ್ಮ ಕಾಫಿ ತಂದುಕೊಟ್ಟರು. ಅವನು ಲೋಟ ಹಿಡಿದುಕೊಂಡಾಗ ಹಳೆಯ ಅಭ್ಯಾಸದಿಂದ ಅವನ ಮಣಿಕಟ್ಟನ್ನು ಬೆರಳಿನಿಂದ ಒತ್ತಿ ನೋಡಿದರು. "ಮೋಡ ಹಾಕಿದಾಗ ನೋಯುತ್ತಾ?"

"ಇಲ್ಲ ಅಮ್ಮಾರೆ."

"ಮಚ್ಚು ಹಿಡಿದ್ರೆ?"

"ಮೊದಮೊದಲು ನೋಯೋದು. ಮಚ್ಚಿನ ಮುಂದಲ ಭಾರ ತಡೀತಿರಲಿಲ್ಲ ಕೈ, ನಡುಗೋದು. ಅದುಕ್ಕೆ ಹಿಡಿ ತುದೀಗೆ ಒಂದು ಕಬ್ಬಿಣದ ಬಳೆ ಹಾಕಿಸ್ದೆ. ಭಾರ ಹಿಂದಕ್ಕೆ ಬಂತು, ಕೈ ನಿಂತ್ಕೊಂತು..."

ಹೇಳುತ್ತ ಹೇಳುತ್ತ ರಂಗನಾಥ ಲೋಟವನ್ನು ಕೆಳಗಿಟ್ಟ. ಮಚ್ಚನ್ನು ಅವನು ಹೊಂದಿಸಿದ್ದು ತನ್ನ ಮುರಿದ ಕೈಗೆ. ಕೋಲನ್ನು ಹೊಂದಿಸಿದ್ದೂ ತನ್ನ ಕೈಗೇ, ಅವರು ವಾಸಿ ಮಾಡಿದ ಗಟ್ಟಿ ಕೈಗೆ. ಹಿಡಿಯಬೇಕಾದವರ ಕೈಯನ್ನು ಒಂದು ಸಲ ಮುಟ್ಟಿಯೂ ನೋಡಿರಲಿಲ್ಲ.

"ಅಮ್ಮಾರೆ, ನಿಮ್ಮ ಕೈ ಕೊಡಿ."

"ಯಾಕಯ್ಯ? ನೀನೇನು ಡಾಕ್ಟರಾ?"

"ಇವತ್ತೊಂದಿನ ಹೂಂ ಅನ್ಕಳಿ."

ಅವರು ಎರಡೂ ಕೈ ಚಾಚಿದರು. ರಂಗನಾಥ ಮೊಣಕಾಲೂರಿ ಕೂತು ಆ ಕೈಗಳನ್ನು ತನ್ನ ಅಂಗೈಗಳ ಮೇಲಿಟ್ಟುಕೊಂಡ. ಲಕ್ಷಾಂತರ ಗಿಟುಕು ತೂಗಿದ ಕೈಗೆ ಅಷ್ಟು ಹಗುರವಾದದ್ದು ಎಂದೂ ಸಿಕ್ಕಿರಲಿಲ್ಲ. ನಡುಕ ಎಲ್ಲಿ ಹುಟ್ಟುತ್ತದೆ, ಯಾವ ಬೆರಳಿಗೆ ಮೊದಲು ಬರುತ್ತದೆ, ಎಷ್ಟು ಒತ್ತಿದರೆ ಅಡಗುತ್ತದೆ, ಎಲ್ಲವನ್ನೂ ಉಸಿರು ಹಿಡಿದು ತಿಳಿದುಕೊಂಡ.

ಶನಿವಾರವೆಲ್ಲ ಕೆಲಸ ನಡೆದದ್ದು ಡಾಕ್ಟ್ರಮ್ಮನ ಜಗುಲಿಯ ಮೇಲೆಯೇ. ತಲೆಗಂಟಿದ ಸೀಸವನ್ನೆಲ್ಲ ಕಿತ್ತ. ಕೋಲಿನ ಮೇಲ್ತುದಿಯ ಮುಚ್ಚಳ ತೆಗೆದು, ಟೊಳ್ಳು ಕೊಳವೆಯ ಬಾಯಿಗೆ ತೆಂಗಿನ ನಾರು ತುರುಕಿ, ಅದರ ಮೇಲೆ ಬಲೆಯ ಗುಂಡುಗಳನ್ನು ಒಂದೊಂದಾಗಿ ಬಿಟ್ಟ. ಒಂದು ಗುಂಡು ಹಾಕುವುದು, ಕೋಲನ್ನು ಅವರ ಕೈಗೆ ಕೊಡುವುದು.

"ಈಗ?"

"ಸ್ವಲ್ಪ ಪರವಾಗಿಲ್ಲ."

"ಈಗ ಅಮ್ಮಾರೆ?"

"ಅಯ್ಯಾ, ನಿನ್ನ ಕೈಯ ಪಟ್ಟಿ ಬಿಚ್ಚುವಾಗ ನಾನು ಹೀಗೇ ಕೇಳ್ತಿದ್ದೆ, ಈಗ ನೋವಾ, ಈಗ ನೋವಾ ಅಂತ."

"ನಾನು ಸುಳ್ಳು ಹೇಳ್ತಿದ್ದೆ, ನೋವಿಲ್ಲ ಅಂತ. ನೀವು ಹಂಗ್ ಹೇಳ್ಬ್ಯಾಡಿ."

ಒಂಬತ್ತನೆಯ ಗುಂಡಿಗೆ ಕೋಲು ಗಡಗಡ ಸದ್ದು ಮಾಡಿತು. ರಂಗನಾಥ ಕಿವಿಯ ಬಳಿ ಅಲ್ಲಾಡಿಸಿ ಹಿಗ್ಗಿದ. ಅಟ್ಟದ ಕಾಯಿ ಹಾಗೆ ಸದ್ದು ಮಾಡಿತೆಂದರೆ ಒಳಗೆ ಗಿಟುಕು ಹಣ್ಣಾಯಿತೆಂದೇ ಲೆಕ್ಕ. "ಗಾಲ್ಫಿನಲ್ಲಿ ಹಾಗಲ್ಲಯ್ಯ, ಸದ್ದಾಗಬಾರದು!" ಎಂದು ಡಾಕ್ಟ್ರಮ್ಮ ನಕ್ಕಾಗ ಮನಸ್ಸಿಲ್ಲದ ಮನಸ್ಸಿನಿಂದ ಮೇಲೂ ನಾರು ತುರುಕಿ ಬಿಗಿ ಮಾಡಿದ. ಹಿಡಿ ಅವರ ಕೈಗೆ ತೀರಾ ತೆಳ್ಳಗಾಯಿತೆಂದು ಅದರ ಸುತ್ತ ಹುರಿ ಸುತ್ತಿ, ಕೈ ತರಚದಂತೆ ಮೇಲೆ ಸೈಕಲ್ ಟ್ಯೂಬು ಎಳೆದ. ಹನ್ನೊಂದನೆಯ ಗುಂಡಿಗೆ ಡಾಕ್ಟ್ರಮ್ಮ "ಸಾಕು" ಎಂದರು. ಎದ್ದು ಹುಲ್ಲಿನ ಮೇಲೆ ಹೋಗಿ ನಿಂತರು, ಅಷ್ಟೇ.

ಭಾನುವಾರ ಮೇಜರ್ ಬಸವರಾಜಪ್ಪ ಬಂದರು. ಅವರ ಮೀಸೆ ಗೇಟಿನೊಳಗೆ ಬಂದು ಅರ್ಧ ಗಂಟೆಯಾದ ಮೇಲೆ ಅವರು ಬಂದರೆಂದು ಕಂದಿಕೆರೆಯವರು ಹೇಳುತ್ತಾರೆ. ಕೋಲನ್ನು ನೋಡಿದ್ದೇ, "ಏನ್ರೀ ಡಾಕ್ಟ್ರೇ, ಸೈಕಲ್ ಪಂಕ್ಚರ್ ಅಂಗಡಿ ಇಟ್ರಾ?" ಎಂದರು.

"ಮೊದಲು ಹೊಡೀರಿ ಮೇಜರೇ, ಆಮೇಲೆ ನಗೋರಂತೆ."

ತಲಾ ಹತ್ತು ಹೊಡೆತ. ರಂಗನಾಥ ತೆಂಗಿನಮರವೊಂದನ್ನು ತಬ್ಬಿಕೊಂಡು ನಿಂತಿದ್ದ. ಮರಕ್ಕೆ ಉಸಿರು ಕಟ್ಟಿತು. ಡಾಕ್ಟ್ರಮ್ಮನ ಮೊದಲ ಚೆಂಡು ಗುಳಿಯ ಅಂಚು ಸವರಿ ಮುಂದೆ ಹೋಯಿತು. ಮೇಜರರ ಮೀಸೆ ಅಗಲವಾಯಿತು. ಎರಡನೆಯದು ನೆಟ್ಟಗೆ ಹೋಗಿ ಕರಟದೊಳಗೆ ಬಿತ್ತು. ಟೊಕ್! ಆ ಸದ್ದು ಬೋರನಕಣಿವೆಯ ಏರಿಯವರೆಗೆ ಕೇಳಿಸಿ, ದುರ್ಗಯ್ಯ ಬಲೆ ಬಿಟ್ಟು ತಿರುಗಿ ನೋಡಿದನಂತೆ. ಆಮೇಲೆ ಟೊಕ್, ಟೊಕ್, ಟೊಕ್. ಕೈ ನಡುಗುತ್ತಿರಲಿಲ್ಲವೆಂದಲ್ಲ, ನಡುಗುತ್ತಿತ್ತು. ಆದರೆ ನಡುಕ ಹಿಡಿಯ ತುದಿಗೆ ಬಂದು ಆ ಹನ್ನೊಂದು ಗುಂಡುಗಳ ಮೇಲೆ ಕೂತು ಸುಮ್ಮನಾಗುತ್ತಿತ್ತು. ಕೆಳಗಿನ ತಲೆ ಸಾಕಿದ ಹಸುವಿನಂತೆ ಹೇಳಿದ ಕಡೆ ಹೋಗುತ್ತಿತ್ತು.

ಗೆದ್ದವರು ಮೇಜರರೇ. ಅವರದು ಎಂಟು, ಡಾಕ್ಟ್ರಮ್ಮನದು ಏಳು. ಹಂದನಕೆರೆಯಲ್ಲಿ ಈ ಭಾಗವನ್ನು ಯಾರೂ ಹೇಳುವುದಿಲ್ಲ.

ಮೇಜರ್ ಕೋಲನ್ನು ಇಸಿದುಕೊಂಡು ಎರಡು ಸಲ ತೂಗಿದರು. ನಗು ನಿಂತಿತು. "ಯಾರ್ರೀ ಮಾಡಿದ್ದು ಇದನ್ನ?"

ಡಾಕ್ಟ್ರಮ್ಮ ರಂಗನಾಥನ ಬಲಗೈ ಹಿಡಿದು ಮೇಲೆತ್ತಿದರು. "ಈ ಕೈ. ಇದನ್ನ ಮಾಡಿದ್ದು ನಾನು ಅಂದ್ಕೊಂಡಿದ್ದೆ. ಈಗ ನೋಡಿದ್ರೆ ಇದೇ ನನ್ನ ಕೈ ಮಾಡಿಕೊಡ್ತಿದೆ. ದೊಡ್ಡ ಉಪಕಾರ ಆಯ್ತು ಕಣಯ್ಯ ರಂಗನಾಥ."

ಅವನು ಕೇಳಬೇಕಾದದ್ದೊಂದೇ ಉಳಿದಿತ್ತು. "ಮತ್ತೆ... ಹುರುಳಿ, ಅಮ್ಮಾರೆ? ನಾಳೆ ಸೋಮವಾರ."

ಡಾಕ್ಟ್ರಮ್ಮ ಹುಲ್ಲನ್ನೊಮ್ಮೆ ನೋಡಿದರು. "ಮೇಜರೇ, ವರ್ಷಕ್ಕೊಂದ್ಸಲ ಸಾಲದು. ಬರೋ ಭಾನುವಾರ ಬನ್ನಿ, ಆ ಒಂದನ್ನ ವಾಪಸ್ ತಗೋಬೇಕು ನಾನು." ಆಮೇಲೆ ಜಗುಲಿಯ ಕಡೆ ಕೈ ತೋರಿಸಿದರು. "ಆ ಹುರುಳಿ ಚೀಲ ನೀನೇ ತಗೊಂಡ್ಹೋಗು. ನಿನ್ನ ಹೊಲದಲ್ಲಿ ಬಿತ್ತು. ಇಲ್ಲೇನು ಮಾಡೋಣ ಅದನ್ನ?"

ರಂಗನಾಥ ಬೇಡವೆಂದ. ಅವರು ಬಿಡಲಿಲ್ಲ. ಜೊತೆಗೆ ಒಂದು ಬುಟ್ಟಿ ಸಪೋಟವನ್ನೂ ಬೈಕಿಗೆ ಕಟ್ಟಿಸಿದರು.

ಮನೆ ಬಾಗಿಲಲ್ಲಿ ನಿಂತಿದ್ದ ಸುನಂದಾ ಚೀಲವನ್ನು ನೋಡಿದಳು, ಬುಟ್ಟಿಯನ್ನು ನೋಡಿದಳು, ಗಂಡನ ಮುಖವನ್ನು ನೋಡಿದಳು. "ಏನಂದ್ರು ಡಾಕ್ಟ್ರಮ್ಮ? ತೀರ್ತಾ ನಿಮ್ಮ ಋಣ?"

ರಂಗನಾಥ ಚೀಲವನ್ನು ಬಲಗೈಯಲ್ಲಿ ಎತ್ತಿ ಒಮ್ಮೆ ತೂಗಿದ. ಹದಿನೆಂಟು ಕೆಜಿ, ಮೇಲೆ ಒಂದು ಹಿಡಿ.

"ಎಲ್ಲಿ ತೀರ್ತದೆ ಬುಡು, ಇನ್ನೂ ಹೆಚ್ಚಾಯ್ತು" ಎಂದ. ಅಷ್ಟು ಸಂತೋಷದಿಂದ ಆ ಮನೆಯಲ್ಲಿ ಅವನು ಯಾವ ಮಾತನ್ನೂ ಹೇಳಿರಲಿಲ್ಲ.